ಆ ಒಂದು ವರ್ಷದ ಊಟ ಯಾರು ಹಾಕೋದು?

(ಹಾಸ್ಟೆಲ್ ವಿದ್ಯಾರ್ಥಿಗಳ ಭಾನುವಾರದ ಕೂಟದಲ್ಲಿ ಆಡಿದ ಮಾತು. ಬರೆದುಕೊಂಡು ಹೋದದ್ದು ಅರ್ಧ, ಅಲ್ಲಿ ಬಾಯಿಗೆ ಬಂದದ್ದು ಅರ್ಧ.)



ನನ್ನನ್ನು ಕರೆದದ್ದು ಪದ್ಯ ಓದೋಕೆ. ಪದ್ಯ ಜೇಬಲ್ಲಿದೆ, ಎಲ್ಲೂ ಹೋಗಲ್ಲ. ಆದರೆ ಗೇಟಿನ ಹತ್ತಿರ ಸೆಕೆಂಡ್ ಪಿಯುಸಿಯ ಹುಡುಗನೊಬ್ಬ ನನ್ನನ್ನು ನಿಲ್ಲಿಸಿ ಕೇಳಿದ: "ಅಣ್ಣಾ, ನೀಟ್ ಈ ವರ್ಷವೇ ಬರೆದುಬಿಡ್ಲಾ, ಇಲ್ಲ ಒಂದು ವರ್ಷ ಡ್ರಾಪ್ ತಗೊಂಡು ಚೆನ್ನಾಗಿ ಓದಿ ಬರೀಲಾ?" ಅವನ ಹಿಂದೆ ಇನ್ನೂ ಆರೇಳು ಜನ ಅದೇ ಪ್ರಶ್ನೆ ಬಾಯಲ್ಲಿಟ್ಟುಕೊಂಡು ನಿಂತಿದ್ದರು. ಅದಕ್ಕೇ ಇವತ್ತು ಇದೇ ಮಾತು.

ಬಿ.ಎ. ಓದಿದವನು, ಪದ್ಯ ಬರೆಯೋನು, ಇವನಿಗೇನು ಗೊತ್ತು ಡಾಕ್ಟರ್ ಪರೀಕ್ಷೆ ಅಂತ ನಿಮ್ಮ ಮನಸ್ಸಿಗೆ ಬಂದರೆ ಅದು ನ್ಯಾಯವೇ. ನಾನು ಆ ಪರೀಕ್ಷೆ ಎರಡು ಸಲ ಬರೆದು ಎರಡು ಸಲವೂ ಸೋತವನು. ಗೆದ್ದವರು ಪೇಪರಿನಲ್ಲಿ ಫೋಟೋ ಹಾಕಿಸಿಕೊಂಡು ದಿನಕ್ಕೆ ಹದಿನಾರು ಗಂಟೆ ಓದಿದೆ ಅಂತಾರೆ. ಸೋತವನು ಎಲ್ಲಿ ಜಾರಿದೆ ಅನ್ನೋ ಜಾಗ ತೋರಿಸಬಲ್ಲ. ನನ್ನ ಕೈಲಾಗೋದು ಅಷ್ಟು.

ನಾನು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಮ್ಮು. ಅಂಕ ಬಂತು ಅಂತ ಮೇಷ್ಟ್ರು ಸೈನ್ಸಿಗೆ ಸೇರಿಸಿದರು. ಸೈನ್ಸ್ ತಗೊಂಡವನು ಡಾಕ್ಟರಾಗಬೇಕು ಅಂತ ಕೇರಿಯವರು ತೀರ್ಮಾನ ಮಾಡಿದರು. ಅರ್ಜಿ ತುಂಬೋ ದಿನ ಎಲ್ಲರೂ ತುಂಬಿದರು, ನಾನೂ ತುಂಬಿದೆ. ಫಲಿತಾಂಶದ ಹಾಳೆಯಲ್ಲಿ 'ಕ್ವಾಲಿಫೈಡ್' ಅಂತ ಇತ್ತು. ಅಪ್ಪ ಸಾಲ ಮಾಡಿ ಇಡೀ ಕೇರಿಗೆ ಮೈಸೂರುಪಾಕು ಹಂಚಿಬಿಟ್ಟ. ಮೂರು ದಿನ ನಾನು ಡಾಕ್ಟರಾಗಿದ್ದೆ. ನಾಲ್ಕನೇ ದಿನ ರ‍್ಯಾಂಕು ನೋಡಿದ ಉಪನ್ಯಾಸಕರು ತಲೆ ಮೇಲೆ ಕೈ ಇಟ್ಟು, "ಇದು ಸೀಟು ಕೊಡೋ ಕ್ವಾಲಿಫೈ ಅಲ್ಲಪ್ಪ" ಅಂದರು.

ಈ ಒಂದು ವಿಷಯ ನಿಮ್ಮ ಮನೆಯವರಿಗೆ ಮೊದಲೇ ಹೇಳಿಬಿಡಿ. ನಮ್ಮ ವರ್ಗಕ್ಕೆ ಅರ್ಹತೆ 40 ಪರ್ಸೆಂಟೈಲ್. ಅದು 40 ಪರ್ಸೆಂಟ್ ಅಲ್ಲ. ಬರೆದವರಲ್ಲಿ ನೂರಕ್ಕೆ ನಲವತ್ತು ಜನರಷ್ಟು ನಿಮಗಿಂತ ಹಿಂದಿದ್ದರೆ ನೀವು ಅರ್ಹರು, ಅಷ್ಟೇ. 2025ರಲ್ಲಿ ಆ ಗೆರೆ ಬಿದ್ದದ್ದು 720ಕ್ಕೆ 113ರ ಹತ್ತಿರ. ಆ ವರ್ಷ ಬರೆದವರು 22 ಲಕ್ಷ, ಅರ್ಹರಾದವರು 12 ಲಕ್ಷಕ್ಕೂ ಮೇಲೆ. ಎಂ.ಬಿ.ಬಿ.ಎಸ್. ಸೀಟು ಇಡೀ ದೇಶದಲ್ಲಿ ಒಂದೂಕಾಲು ಲಕ್ಷದ ಆಸುಪಾಸು, ಅದರಲ್ಲಿ ಸುಮಾರು ಅರ್ಧ ಮಾತ್ರ ಸರ್ಕಾರಿ ಕಾಲೇಜಿನವು. ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಸೀಟೇ ಇಲ್ಲದ ಕಡೆ ಹನ್ನೆರಡು ಲಕ್ಷ ಜನಕ್ಕೆ ಯಾಕೆ 'ಅರ್ಹ' ಅಂತ ಮುದ್ರೆ ಒತ್ತುತ್ತಾರೆ? ಕಡಿಮೆ ಅಂಕ, ಜಾಸ್ತಿ ದುಡ್ಡು ಇರೋರು ಖಾಸಗಿ ಕಾಲೇಜಿಗೆ ಹೋಗೋ ಬಾಗಿಲು ತೆರೆದಿರಲಿ ಅಂತ. ಮುದ್ರೆ ಬಿದ್ದ ವಾರದಲ್ಲೇ ನನಗೂ ಒಂದು ಫೋನು ಬಂತು: "ಸಾರ್, ಮ್ಯಾನೇಜ್‌ಮೆಂಟ್ ಸೀಟು ಇದೆ." ಜೀವನದಲ್ಲಿ ಮೊದಲ ಸಲ ಯಾರೋ ನನ್ನನ್ನು ಸಾರ್ ಅಂದದ್ದು. ಅವನು ಹೇಳಿದ ಮೊತ್ತ ಕೇಳಿ ಅಪ್ಪ ನಕ್ಕುಬಿಟ್ಟ.

ಆಮೇಲೆ ನಾನು ಡ್ರಾಪ್ ತಗೊಂಡೆ. ಇಲ್ಲೇ ನಾನು ಜಾರಿದ್ದು.

ಡ್ರಾಪ್ ಅಂದರೆ ಏನು ಅಂತ ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಕಾಲೇಜಿನಲ್ಲಿ ಹೆಸರಿಲ್ಲದವನಿಗೆ ಹಾಸ್ಟೆಲಿನಲ್ಲಿ ಹಾಸಿಗೆ ಇಲ್ಲ. ಹಾಸಿಗೆ ಹೋದರೆ ಮೂರು ಹೊತ್ತಿನ ಊಟ ಹೋಯ್ತು, ದೀಪ ಹೋಯ್ತು, ಸ್ಕಾಲರ್‌ಶಿಪ್ ಹೋಯ್ತು. ಪೇಟೆಯಲ್ಲಿ ಇಬ್ಬರ ಜೊತೆ ಒಂದು ರೂಮು ಮಾಡಿದೆ. ಕೋಚಿಂಗಿನ ಮೊದಲ ಕಂತು ಅಪ್ಪ ಕರು ಮಾರಿ ಕಟ್ಟಿದ. ಎರಡನೇ ಕಂತಿಗೆ ನಾನು ಜೆರಾಕ್ಸ್ ಅಂಗಡಿಗೆ ಸೇರಿದೆ. ಬೇರೆಯವರ ನೋಟ್ಸನ್ನು ಬೆಳಗಿಂದ ಸಂಜೆವರೆಗೆ ಜೆರಾಕ್ಸ್ ಮಾಡಿಕೊಟ್ಟೆ, ನನ್ನದನ್ನು ಓದೋಕೆ ಹೊತ್ತು ಸಿಗಲಿಲ್ಲ. ಡಿಸೆಂಬರಿನಲ್ಲಿ ಕೊಯ್ಲು ಅಂತ ಊರಿಗೆ ಹೋದವನು ಸಂಕ್ರಾಂತಿ ಕಳೆದರೂ ವಾಪಸು ಬರಲಿಲ್ಲ. ಎರಡನೇ ಸಲ ಬಂದ ಅಂಕ ಮೊದಲಿಗಿಂತ ಕಡಿಮೆ. ನಾಚಿಕೆಯಿಂದ ಆ ಹಾಳೆಯನ್ನು ಅಪ್ಪನಿಗೆ ತೋರಿಸಲೇ ಇಲ್ಲ. ಅವನೂ ಕೇಳಲಿಲ್ಲ. ಈಗಲೂ ಕೇಳಿಲ್ಲ.

ಡ್ರಾಪ್ ಕೆಟ್ಟದ್ದು ಅಂತ ನಾನು ಹೇಳ್ತಾ ಇಲ್ಲ. ತಮಿಳುನಾಡು ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಎ. ಕೆ. ರಾಜನ್ ಸಮಿತಿ 2021ರಲ್ಲಿ ಕೊಟ್ಟ ವರದಿ ನೋಡಿ: ನೀಟ್ ಬಂದ ಮೇಲೆ ಸೀಟು ಹಿಡಿದವರಲ್ಲಿ ಬಹುಪಾಲು ಮೊದಲ ಯತ್ನದವರಲ್ಲ, ಮತ್ತೆ ಬರೆದವರು. ಅಂದರೆ ಒಂದು ವರ್ಷ ಕೂತು ಓದೋದು ಲಾಭವೇ. ಆದರೆ ಕೂರೋಕೆ ನೆಲ ಬೇಕು. ಅಪ್ಪನಿಗೆ ಸಂಬಳ ಇರೋ ಮನೆಯಲ್ಲಿ ಡ್ರಾಪ್ ಅಂದರೆ ಒಂದು ವರ್ಷ ಓದು. ನಮ್ಮ ಮನೆಯಲ್ಲಿ ಒಂದು ವರ್ಷ ಕೂಲಿ, ಮಧ್ಯೆ ಮಧ್ಯೆ ಓದು. "ಯಾವಾಗ ಬರೀಲಿ" ಅನ್ನೋ ಪ್ರಶ್ನೆಯ ಹೊಟ್ಟೆಯಲ್ಲಿ ಇನ್ನೊಂದು ಪ್ರಶ್ನೆ ಇದೆ: ಆ ಒಂದು ವರ್ಷದ ಊಟ ಯಾರು ಹಾಕೋದು? ಅದಕ್ಕೆ ಉತ್ತರ ಸಿಕ್ಕರೆ ಮೊದಲನೆಯದಕ್ಕೆ ಅರ್ಧ ಉತ್ತರ ಸಿಕ್ಕ ಹಾಗೆ.

ಆದ್ದರಿಂದ ಗೇಟಿನ ಹತ್ತಿರ ಕೇಳಿದ ತಮ್ಮನಿಗೆ ನಾನು ಹೇಳೋದು ಇದು. ಈ ವರ್ಷ ಬರಿ. ಸುಮ್ಮನೆ ಹಾಲ್ ನೋಡಿಕೊಂಡು ಬರೋಕೆ ಅಂತಲ್ಲ, ಇದೇ ಕೊನೆ ಅನ್ನೋ ಹಾಗೆ ಓದಿ ಬರಿ. ಇಷ್ಟು ಸಲವೇ ಬರೀಬೇಕು ಅನ್ನೋ ಮಿತಿ ಇಲ್ಲ. ಬರೆಯೋ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿದ್ದರೆ ಸಾಕು. ಮೇಲಿನ ವಯಸ್ಸಿನ ಮಿತಿಯನ್ನು 2022ರಲ್ಲೇ ತೆಗೆದಿದ್ದಾರೆ. ಈ ಬಸ್ಸು ತಪ್ಪಿದರೆ ಊರಿಗೇ ಬಸ್ಸಿಲ್ಲ ಅನ್ನೋ ಭಯ ಬೇಡ. 2025ರಲ್ಲಿ ಎಸ್.ಸಿ., ಎಸ್.ಟಿ. ಅರ್ಜಿ ಶುಲ್ಕ 1000 ರೂಪಾಯಿ ಇತ್ತು. ಕಳೆದುಕೊಂಡರೆ ಕಳೆದುಕೊಳ್ಳೋದು ಅಷ್ಟು. ಊರಿಗೆ ಮಾತ್ರ ಹೇಳಬೇಡ, ಮೈಸೂರುಪಾಕಿನ ಸಾಲ ತೀರೋದು ತಡ.

ಫಲಿತಾಂಶ ಬಂದ ಮೇಲೆ ಕೂತು ಲೆಕ್ಕ ಹಾಕು. ಹಿಂದಿನ ವರ್ಷ ನಮ್ಮ ವರ್ಗದಲ್ಲಿ ಸರ್ಕಾರಿ ಕಾಲೇಜಿನ ಕೊನೆಯ ಸೀಟು ಯಾವ ರ‍್ಯಾಂಕಿಗೆ ನಿಂತಿತು ಅಂತ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅದೇ ಕೆಇಎ, ಪ್ರಕಟಿಸುತ್ತೆ. ಅಲ್ಲಿಗೂ ನಿನಗೂ ಎಷ್ಟು ದೂರ? ಹೋದ ಅಂಕಗಳು ಓದದೇ ಬಿಟ್ಟ ಪಾಠದಿಂದ ಹೋದವಾ, ಓದಿಯೂ ತಪ್ಪಿದವಾ? ಓದದೇ ಬಿಟ್ಟಿದ್ದರೆ ಒಂದು ವರ್ಷದಲ್ಲಿ ತುಂಬಿಕೊಳ್ಳಬಹುದು. ಎಲ್ಲ ಓದಿಯೂ ಬಹಳ ದೂರ ಉಳಿದಿದ್ದರೆ ಅದೇ ಓದನ್ನು ಇನ್ನೊಂದು ವರ್ಷ ಓದಿ ಪ್ರಯೋಜನವಿಲ್ಲ, ದಾರಿ ಬದಲಾಯಿಸಬೇಕು. ಹತ್ತಿರ ಬಂದಿದ್ದು, ಮಲಗೋಕೆ ಜಾಗ ಇದ್ದು, ಹನ್ನೆರಡು ತಿಂಗಳ ಊಟ ಇದ್ದು, ಕೊಯ್ಲಿಗೆ ಕರೆಯಲ್ಲ ಅಂತ ಅಪ್ಪ ಅವ್ವ ಬಾಯಿಬಿಟ್ಟು ಹೇಳಿದರೆ ಡ್ರಾಪ್ ತಗೋ. ಇಲ್ಲದಿದ್ದರೆ ಬಿ.ಎಸ್ಸಿ.ಗೆ ಸೇರು, ಹಾಸ್ಟೆಲಿನಲ್ಲಿ ಉಳಿ, ಓದುತ್ತಾ ಮತ್ತೆ ಬರಿ.

ನನ್ನ ತಂಗಿ ಹಾಗೆ ಮಾಡಿದಳು. ನನ್ನ ಕಥೆ ಕಣ್ಣಾರೆ ನೋಡಿದವಳು ಅವಳು. ಮೊದಲ ಸಲ ಸೀಟು ತಪ್ಪಿತು. "ಅಣ್ಣಾ, ನಾನು ರೂಮು ಮಾಡಲ್ಲ" ಅಂತ ಸರ್ಕಾರಿ ಡಿಗ್ರಿ ಕಾಲೇಜಿಗೆ ಸೇರಿಕೊಂಡಳು. ಎರಡನೇ ಸಲ ಅಂಕ ಮೇಲೆ ಬಂತು, ಸೀಟು ಮತ್ತೆ ತಪ್ಪಿತು. ಸೆಮಿಸ್ಟರ್ ಪರೀಕ್ಷೆ, ನೀಟ್ ಎರಡೂ ಒಂದರ ಮೇಲೊಂದು ಬಿದ್ದಾಗ ಅತ್ತದ್ದೂ ಉಂಟು. ಈಗ ಮೂರನೇ ಸಲಕ್ಕೆ ಓದುತ್ತಿದ್ದಾಳೆ. ಸಿಗುತ್ತೋ ಇಲ್ಲವೋ ನಾನು ಹೇಳಲಾರೆ. ಆದರೆ ಹೊಟ್ಟೆ ತುಂಬಾ ಉಂಡು ಓದುತ್ತಿದ್ದಾಳೆ, ಕೈಯಲ್ಲಿ ಒಂದು ಡಿಗ್ರಿಯೂ ಬೆಳೀತಾ ಇದೆ.

ಇನ್ನು ಓದೋದರ ಮಾತು. ಇದು ಅವಳಿಂದ ಕಲಿತದ್ದು, ನನ್ನ ಜಾಣತನವಲ್ಲ. 2025ರ ಪರೀಕ್ಷೆಯಲ್ಲಿ 180 ಪ್ರಶ್ನೆ, ಮೂರು ಗಂಟೆ. ಫಿಸಿಕ್ಸು 45, ಕೆಮಿಸ್ಟ್ರಿ 45, ಬಯಾಲಜಿ 90. ಅರ್ಧ ಪರೀಕ್ಷೆ ಬಯಾಲಜಿಯೇ, 360 ಅಂಕ. ಕೋಚಿಂಗಿಗೆ ದುಡ್ಡಿಲ್ಲದವನು ಒಂದು ಪುಸ್ತಕ ಹಿಡಿದು ಗೆಲ್ಲಬಹುದಾದ ಜಾಗ ಅದು. ಎನ್.ಸಿ.ಇ.ಆರ್.ಟಿ.ಯ ಎರಡು ಬಯಾಲಜಿ ಪುಸ್ತಕ, ಚಿತ್ರದ ಕೆಳಗಿನ ಸಾಲನ್ನೂ ಬಿಡದ ಹಾಗೆ. ನಾನು ಮಾಡಿದ ತಪ್ಪು ಎಂದರೆ ದಪ್ಪ ದಪ್ಪ ಗೈಡು ಕೊಂಡು ಟ್ರಂಕಿನಲ್ಲಿಟ್ಟದ್ದು. ತಂಗಿ ಅದೇ ಪುಸ್ತಕವನ್ನು ಅಂಚು ಹರಿಯೋವರೆಗೆ ಓದಿದಳು.

ಕನ್ನಡ ಮೀಡಿಯಮ್ಮಿನಿಂದ ಬಂದವರು ಒಂದು ನೋಟ್‌ಬುಕ್ ಮಾಡಿ, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ನಿಮ್ಮ ಮಾತಲ್ಲಿ ಅರ್ಥ. 'ಫೋಟೋಸಿಂಥೆಸಿಸ್' ಅಂದಾಗ ನಾನು ಒಂದು ತಿಂಗಳು ಅದು ಹೊಸ ಪಾಠ ಅಂದುಕೊಂಡಿದ್ದೆ. ಎಂಟನೇ ಕ್ಲಾಸಿನಲ್ಲಿ ಓದಿದ್ದ ದ್ಯುತಿಸಂಶ್ಲೇಷಣೆ ಅದೇ ಅಂತ ತಿಳಿದ ದಿನ ಸಿಟ್ಟೂ ಬಂತು, ನಗೂ ಬಂತು. 2017ರಿಂದ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ. ಕನ್ನಡ ಆರಿಸಿದವರಿಗೆ ಪಕ್ಕದಲ್ಲೇ ಇಂಗ್ಲಿಷೂ ಇರುತ್ತೆ, ತಕರಾರು ಬಂದರೆ ಇಂಗ್ಲಿಷಿನದೇ ಅಂತಿಮ. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಓದಿದವನಿಗೆ ಹಾಲ್‌ನಲ್ಲಿ ಗಟ್ಟಿ ಕನ್ನಡ ಪಾರಿಭಾಷಿಕ ಪದ ಕಂಡರೆ ಗಾಬರಿ ಆಗಬಹುದು. ಹಳೇ ಕನ್ನಡ ಪತ್ರಿಕೆ ಒಂದನ್ನು ಈಗಲೇ ಬಿಡಿಸಿ ನೋಡಿ ತೀರ್ಮಾನ ಮಾಡಿ, ಅಭಿಮಾನದಿಂದ ಮಾಡಬೇಡಿ. ಕನ್ನಡದಲ್ಲಿ ಪದ್ಯ ಬರೆಯೋ ನಾನೇ ಈ ಮಾತು ಹೇಳ್ತಾ ಇದ್ದೀನಿ.

ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ತಪ್ಪಾದರೆ ಹೋಗುತ್ತೆ ಅಂತ ನಾನು ಮೊದಲ ಸಲ ನಲವತ್ತು ಪ್ರಶ್ನೆ ಖಾಲಿ ಬಿಟ್ಟು ಬಂದೆ. ಲೆಕ್ಕ ಹಾಕಿ: ನಾಲ್ಕು ಉತ್ತರದಲ್ಲಿ ಎರಡು ಖಂಡಿತ ಅಲ್ಲ ಅಂತ ತಿಳಿದ ಹತ್ತು ಪ್ರಶ್ನೆ ಇವೆ. ಉಳಿದೆರಡರಲ್ಲಿ ಒಂದನ್ನು ಹಾಕ್ತಾ ಹೋದರೆ ಸರಾಸರಿ ಐದು ಸರಿ, ಇಪ್ಪತ್ತು ಅಂಕ. ಐದು ತಪ್ಪು, ಐದು ಹೋಯ್ತು. ಹದಿನೈದು ಉಳೀತು. ಹೆದರಿ ಬಿಟ್ಟಿದ್ದರೆ ಸೊನ್ನೆ. ನಮ್ಮ ಜನಕ್ಕೆ ತಪ್ಪು ಮಾಡಿದರೆ ಹೊಡೀತಾರೆ ಅನ್ನೋ ಭಯ ರಕ್ತದಲ್ಲೇ ಇದೆ. ಆ ಭಯಕ್ಕೆ ಇಲ್ಲಿ ಅಂಕ ಇಲ್ಲ.

2025ರಲ್ಲಿ ಪರೀಕ್ಷೆ ನಡೆದದ್ದು ಮಧ್ಯಾಹ್ನ ಎರಡರಿಂದ ಐದು. ಭಾನುವಾರ ಉಂಡು ನಿದ್ದೆ ಎಳೆಯೋ ಹೊತ್ತದು. ಊಟದ ಹಾಲ್‌ನಲ್ಲಿ ಅದೇ ಹೊತ್ತಿಗೆ ಕೂತು ಹಳೇ ಪತ್ರಿಕೆ ಬಿಡಿಸಿ, ಓಎಂಆರ್ ಹಾಳೆಯ ಜೆರಾಕ್ಸ್ ಮೇಲೆ ಪೆನ್ನಿನಲ್ಲಿ ಗುಂಡು ತುಂಬಿ ಅಭ್ಯಾಸ ಮಾಡಿ. ಒಬ್ಬನ ಮೊಬೈಲು ಗಡಿಯಾರವಾಗಲಿ, ಉಳಿದವು ಟ್ರಂಕಿನಲ್ಲಿರಲಿ. ಆಮೇಲೆ ತಪ್ಪಿದ್ದನ್ನು ಒಬ್ಬರಿಗೊಬ್ಬರು ಹೇಳಿಕೊಡಿ. ಫಿಸಿಕ್ಸ್ ಒಬ್ಬನೇ ಕೂತರೆ ಬರಲ್ಲ, ಮೂರು ಜನ ಕೂತರೆ ಬರುತ್ತೆ.

ಕಾಗದಪತ್ರ ಈಗಲೇ ಮಾಡಿಸಿ. ನೀಟ್ ಬರೆದ ಮಾತ್ರಕ್ಕೆ ರಾಜ್ಯದ ಸೀಟು ಮನೆಗೆ ಬರಲ್ಲ, ಕೆಇಎಯಲ್ಲಿ ಬೇರೆಯಾಗಿ ನೋಂದಾಯಿಸಬೇಕು. ಅಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನಮ್ಮ ವರ್ಗದೊಳಗೇ ಬೇರೆ ಸೀಟುಗಳಿವೆ. ಶಾಲೆಯ ಪ್ರಮಾಣಪತ್ರ ಇಲ್ಲ ಅಂತ ಅವನ್ನು ಬಿಟ್ಟುಕೊಡಬೇಡಿ.

ಮೀಸಲಾತಿ ಅಂತ ಯಾರಾದರೂ ಮೂಗು ಮುರಿದರೆ ಈ ಕಥೆ ಹೇಳಿ. 1962ರಲ್ಲಿ ಮೈಸೂರು ಸರ್ಕಾರ ಹಿಂದುಳಿದವರು, ಪರಿಶಿಷ್ಟರು ಎಲ್ಲ ಸೇರಿ 68 ಪರ್ಸೆಂಟ್ ಸೀಟು ಮೀಸಲಿಟ್ಟಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದದ್ದು ಮೆಡಿಕಲ್, ಇಂಜಿನಿಯರಿಂಗ್ ಸೀಟಿಗಾಗಿಯೇ. ಬಾಲಾಜಿ ಮೊಕದ್ದಮೆ ಅಂತಾರೆ. ಮೀಸಲಾತಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು ಅನ್ನೋ ಮಾತು ಬಂದದ್ದು ಆ ತೀರ್ಪಿನಲ್ಲಿ. ಇಡೀ ದೇಶಕ್ಕೆ ಹಾಕಿದ ಗೆರೆ ನಮ್ಮ ರಾಜ್ಯದ ಮೆಡಿಕಲ್ ಕಾಲೇಜಿನ ಬಾಗಿಲಲ್ಲಿ ಎಳೆದದ್ದು. 2024ರ ಜುಲೈನಲ್ಲಿ ನಮ್ಮ ವಿಧಾನಮಂಡಲ ನೀಟ್ ಬೇಡ ಅಂತ ನಿರ್ಣಯ ಮಾಡಿತು. ಬೇಡ ಅನ್ನೋ ಧರಣಿಗೂ ಬನ್ನಿ, ಆದರೆ ಪುಸ್ತಕ ಚೀಲದಲ್ಲಿರಲಿ.

ಇನ್ನೊಂದು ಮಾತು, ಮೆಲ್ಲಗೆ ಹೇಳ್ತೀನಿ. ತಮಿಳುನಾಡಿನ ಅರಿಯಲೂರು ಜಿಲ್ಲೆಯ ಅನಿತಾ, ಕೂಲಿಯವನ ಮಗಳು, ಹನ್ನೆರಡನೇ ತರಗತಿಯಲ್ಲಿ 1200ಕ್ಕೆ 1176 ತೆಗೆದವಳು. ನೀಟ್‌ನಿಂದ ಸೀಟು ತಪ್ಪಿತು. ಸುಪ್ರೀಂ ಕೋರ್ಟಿನವರೆಗೆ ಹೋದಳು. 2017ರ ಸೆಪ್ಟೆಂಬರ್ 1ರಂದು ಜೀವ ಕಳೆದುಕೊಂಡಳು. ಅವಳ ಫೋಟೋ ಹಿಡಿದು ಜನ ಬೀದಿಗಿಳಿದರು. ಆ ಫೋಟೋಗಿಂತ ಆ ಹುಡುಗಿ ಇರಬೇಕಿತ್ತು. ರಾತ್ರಿ ಮನಸ್ಸು ಕೆಟ್ಟರೆ ಪಕ್ಕದ ಹಾಸಿಗೆಯವರನ್ನು ಎಬ್ಬಿಸಿ, ಬೈದರೂ ಪರವಾಗಿಲ್ಲ. 14416ಕ್ಕೆ ಫೋನು ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಹಾಲ್‌ಗೆ ಬೂಟು ಹಾಕಿಕೊಂಡು ಬರಬಾರದು ಅಂತ ನಿಯಮ, ಎಲ್ಲರೂ ಚಪ್ಪಲಿಯಲ್ಲೇ ಬರಬೇಕು. ಊರೊಳಗೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವನು ನಮ್ಮ ತಾತ. ದೊಡ್ಡವರ ಮಕ್ಕಳೆಲ್ಲ ಬೂಟು ಬಿಟ್ಟು ನಮ್ಮ ಜೊತೆ ಹವಾಯಿ ಚಪ್ಪಲಿಯಲ್ಲಿ ಸಾಲು ನಿಂತದ್ದು ನೋಡಿ, ಸೋಲೋಕೆ ಹೋದವನಾದರೂ ನನಗೆ ಅವತ್ತು ಖುಷಿಯಾಯ್ತು.

ಬರೋ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ಇದೇ ಊಟದ ಹಾಲ್. ಹಳೇ ಪತ್ರಿಕೆ ನಾನು ತರ್ತೀನಿ, ಜೆರಾಕ್ಸ್ ಅಂಗಡಿಯ ಗುರುತು ಇನ್ನೂ ಇದೆ. ಪೆನ್ನು ನಿಮ್ಮದು. ಪದ್ಯ ಐದು ಗಂಟೆ ಮೇಲೆ ಓದ್ತೀನಿ.