ಡಿಸ್ಕಸ್ ಮೀನು ಮತ್ತು ಗಡಿನಾಡಿನ ನೀರು

ಕರ್ನಾಟಕ-ಮಹಾರಾಷ್ಟ್ರ ಗಡಿನಾಡಿನ ದಾಳಿಂಬ, ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ನೆಲದಡಿ ಕರಿಕಲ್ಲು. ಬೋರಿನ ನೀರು ಬಹುಮಟ್ಟಿಗೆ ಗಡಸು. ಆದರೆ ತೊಟ್ಟಿಯಲ್ಲಿ ಸಾಕುವ ಡಿಸ್ಕಸ್ ಮೀನಿನ ತವರು ಅಮೆಜಾನ್. ಅಲ್ಲಿನ ನೀರು ಮೆದು, ತುಸು ಹುಳಿ, ಬೆಚ್ಚಗೆ.

ಈ ಮೀನನ್ನು ಮನೆಯಲ್ಲಿ ಸಾಕುವವರು ಮೊದಲು ನೀರನ್ನು ಹದ ಮಾಡಬೇಕು. ಶುದ್ಧವಾಗಿ ಹಿಡಿದಿಟ್ಟ ಮಾಳಿಗೆಯ ಮಳೆನೀರು ಬೆರೆಸಿದರೆ ಗಡಸುತನ ತಗ್ಗುತ್ತದೆ. ಹೀಟರ್ ಇಟ್ಟು ಶಾಖವನ್ನು 28ರಿಂದ 30 ಡಿಗ್ರಿಯಲ್ಲಿ ನಿಲ್ಲಿಸಬೇಕು. ಮೀನಿನ ಕೊಳೆಯಿಂದ ಹುಟ್ಟುವ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕಾರು ವಾರ ಬೇಕು. ಅದಕ್ಕೂ ಮುನ್ನ ಮೀನು ತಂದು ಬಿಡುವುದು ಕ್ರೌರ್ಯವೆಂದೇ ನಾನು ಹೇಳುತ್ತೇನೆ. ತಂದೆತಾಯಿ ಎರಡೂ ತಮ್ಮ ಮೈಯಿಂದ ಒಸರುವ ಲೋಳೆಯನ್ನೇ ಮರಿಗಳಿಗೆ ಉಣಿಸಿ ಬೆಳೆಸುವ ಜೀವ ಇದು!

ವಾರವಾರವೂ ತೊಟ್ಟಿಯ ಒಂದಷ್ಟು ನೀರು ಬದಲಿಸಬೇಕು. 2016ರ ಬರಗಾಲದಲ್ಲಿ ಮೀರಜಿನಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದದ್ದನ್ನು ಕಂಡ ಸೀಮೆಯಲ್ಲಿ ಆ ನೀರನ್ನು ಚರಂಡಿಗೆ ಚೆಲ್ಲಲು ಮನಸ್ಸು ಬಾರದು. ಚೆಲ್ಲಲೂಬಾರದು. ಅದರಲ್ಲಿ ನೈಟ್ರೇಟ್ ಇರುತ್ತದೆ. ಕರಿಬೇವಿಗೆ, ಬದನೆ ಗಿಡಕ್ಕೆ ಒಳ್ಳೆಯ ಗೊಬ್ಬರ. ಹೊಸದಾಗಿ ತೊಟ್ಟಿ ಇಡಬೇಕೆಂದಿದ್ದವರು ಬೇಸಿಗೆ ಕಳೆದು, ಮಳೆ ಹಿಡಿದ ಮೇಲೆ ಇಡಿ. ಅಷ್ಟರಲ್ಲಿ ಮಾಳಿಗೆ ತೊಳೆದು ಮಳೆನೀರಿಗೆ ಪೈಪು ಜೋಡಿಸಿರಿ.