ಸಂನ್ಯಾಸಿಯ ರಾಯಭಾರ

ಮಧ್ಯಯುಗದ ಯೂರೋಪಿನಲ್ಲಿ ಬಿಷಪ್ಪರೇ ಅನೇಕ ವೇಳೆ ಅರಸರ ರಾಯಭಾರಿಗಳಾಗುತ್ತಿದ್ದರು. ಓದುಬರಹ ಬಲ್ಲವರು ಹೆಚ್ಚಾಗಿ ಪಾದ್ರಿಗಳೇ ಆಗಿದ್ದುದು ಇದಕ್ಕೆ ಕಾರಣ. ಆ ಸಂಪ್ರದಾಯದ ಎಳೆಯೊಂದು ಕನ್ನಡನಾಡನ್ನೂ ಮುಟ್ಟಿತೆಂಬುದನ್ನು ನಾವು ಮರೆಯಲಾಗದು. ಬಂದವನು ಬಿಷಪ್ಪನಲ್ಲ, ಫ್ರಾನ್ಸಿಸ್ಕನ್ ಪಂಥದ ಸಂನ್ಯಾಸಿ ಲೂಯಿ. 1510ರಲ್ಲಿ ಪೋರ್ತುಗೀಸ್ ಗವರ್ನರ್ ಆಲ್ಬುಕರ್ಕನು ಅವನನ್ನು ಕೃಷ್ಣದೇವರಾಯನ ಬಳಿಗೆ ಕಳುಹಿಸಿದನು.

ಅವನು ತಂದುದು ಕುದುರೆಗಳ ಮಾತು. ಹಾರ್ಮಜ್‌ನಿಂದ ಬರುವ ಕುದುರೆಗಳು ಬಿಜಾಪುರಕ್ಕೆ ಹೋಗದೆ ವಿಜಯನಗರಕ್ಕೇ ಸಲ್ಲುವುವು; ಪ್ರತಿಯಾಗಿ ಕಲ್ಲಿಕೋಟೆಯ ಸಾಮೂದ್ರಿಯ ಮೇಲೆ ರಾಯನು ನೆರವಾಗಬೇಕು. ದಖ್ಖಣದಲ್ಲಿ ಯುದ್ಧಕ್ಕೆ ತಕ್ಕ ಕುದುರೆಗಳು ದುರ್ಲಭವಾಗಿದ್ದುವು. ಅಂದು ವಿಜಯನಗರಕ್ಕೆ ಸೇರಿದ್ದ ನಮ್ಮ ಹೊಳಲ್ಕೆರೆಯಂತಹ ಒಳನಾಡಿನ ಸೀಮೆಗಳ ರಕ್ಷಣೆಯೂ ಈ ಕಡಲ ವ್ಯಾಪಾರವನ್ನು ನೆಚ್ಚಿದ್ದಿತು.

ರಾಯನು ಸ್ನೇಹವನ್ನು ತಳ್ಳಲಿಲ್ಲ. ಸಾಮೂದ್ರಿಯ ಮೇಲೆ ಸೈನ್ಯವನ್ನೂ ಕಳುಹಿಸಲಿಲ್ಲ. ಸಂನ್ಯಾಸಿ ಮಾತ್ರ ಮರಳಲಿಲ್ಲ. ರಾಜಧಾನಿಯಲ್ಲಿಯೇ ಅವನ ಕೊಲೆಯಾಯಿತು. ಅದು ಬಿಜಾಪುರದ ಕೈವಾಡವೆಂದು ಪೋರ್ತುಗೀಸರು ಶಂಕಿಸಿದರು.

ದೂತನನ್ನು ಕೊಲ್ಲಲಾಗದೆಂದು ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸಿದೆ. ಆ ವಿಧಿಯು ದೂತನನ್ನು ಆತಿಥ್ಯವಿತ್ತ ಅರಸನ ಕೋಪದಿಂದ ಕಾಯಬಲ್ಲುದು. ಸಂಧಿಯಿಂದ ನಷ್ಟಹೊಂದುವವರಿಂದ ಕಾಯಲಾರದು. ಎರಡು ರಾಜ್ಯಗಳ ಮೈತ್ರಿಯನ್ನು ನಾವು ಎಣಿಸುವಾಗ, ಅದಕ್ಕಾಗಿ ನಿರಾಯುಧನಾಗಿ ನಡೆದು ಬಂದವನನ್ನೂ ನೆನೆಯುವುದು ನ್ಯಾಯ.