ಬಲ್ಬು ಉರಿಯುವ ಮನೆಗೇ ಬಿಲ್ಲು

(ಬಳಗದ ವಾರ್ಷಿಕ ಸಭೆಯಲ್ಲಿ ಆಡಿದ ಮಾತು)

ಟ್ಯಾಕ್ಸ್ ಬಗ್ಗೆ ಮಾತಾಡೋಕೆ ಅಕೌಂಟೆಂಟ್ ಬಿಟ್ಟು ಎಲೆಕ್ಟ್ರೀಷಿಯನ್‌ನ ಯಾಕೆ ನಿಲ್ಲಿಸಿದ್ರು ಅಂತ ನಿಮಗೆ ಅನ್ನಿಸಬಹುದು. ನಾನು ಸರ್ಕಾರಿ ಐಟಿಐ ಓದಿದವನು. ಇಲ್ಲಿ ಸೈಟ್‌ಗಳಲ್ಲಿ ಸಬ್‌ಕಾಂಟ್ರಾಕ್ಟರ್ ಆಗಿ ವೈರಿಂಗ್ ಮಾಡ್ತೀನಿ. ನಮ್ಮ ಕೂಲಿಯಲ್ಲಿ ನೂರಕ್ಕೆ 20 ಪೌಂಡ್ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ತಾರೆ. ಹಾಗಾಗಿ ವರ್ಷಾ ವರ್ಷ ರಿಟರ್ನ್ ತುಂಬೋದು ನನಗೆ ರೂಢಿ. ಅದಕ್ಕೇ ಈಸ್ಟ್ ಹ್ಯಾಮ್, ಹೌನ್ಸ್ಲೋ ಕಡೆಯ ನಮ್ಮ ಹುಡುಗರು ನನ್ನ ಹತ್ತಿರ ಬರ್ತಾರೆ. ಹೆಚ್ಚಾಗಿ ಪ್ರಶ್ನೆ ಒಂದೇ.

ಹೆಂಡತಿ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಗಂಡ ಡಿಪೆಂಡೆಂಟ್ ವೀಸಾದಲ್ಲಿ ಬಂದಿದ್ದಾನೆ. ಬೆಂಗಳೂರಿನ ಕಂಪನಿಯ ಕೆಲಸ ಬಿಟ್ಟಿಲ್ಲ, ಲ್ಯಾಪ್‌ಟಾಪ್ ಇಟ್ಕೊಂಡು ಇಲ್ಲಿಂದಲೇ ಮಾಡ್ತಾನೆ. ಸಂಬಳ ರೂಪಾಯಿಯಲ್ಲಿ, ಬೀಳೋದು ಬೆಂಗಳೂರಿನ ಬ್ಯಾಂಕಿಗೆ. "ಇಲ್ಲಿನ ಸರ್ಕಾರಕ್ಕೂ ನನ್ನ ಸಂಬಳಕ್ಕೂ ಏನು ಸಂಬಂಧ ಅಣ್ಣ?"

ಸಂಬಂಧ ಇದೆ. ಕರೆಂಟ್ ಶರಾವತಿಯಲ್ಲಿ ಹುಟ್ಟಬಹುದು, ಬಿಲ್ಲು ಬರೋದು ಲಿಂಗನಮಕ್ಕಿಗಲ್ಲ, ಬಲ್ಬು ಉರಿಯುವ ಮನೆಗೆ. ಸಂಬಳದ ತೆರಿಗೆಯೂ ಹಾಗೇ. ಕಂಪನಿ ಎಲ್ಲಿದೆ, ದುಡ್ಡು ಯಾವ ಬ್ಯಾಂಕಿಗೆ ಬಿತ್ತು ಅನ್ನೋದಲ್ಲ, ನೀವು ಕೂತು ಕೆಲಸ ಮಾಡಿದ್ದು ಎಲ್ಲಿ ಅನ್ನೋದೇ ಮುಖ್ಯ. ಇಲ್ಲಿನ ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ. ಅದರಲ್ಲಿ 183 ದಿನ ಇಲ್ಲಿದ್ದರೆ ನೀವು ಇಲ್ಲಿನ ನಿವಾಸಿ. ಕಡಿಮೆ ದಿನ ಇದ್ದರೂ ಕೆಲವು ಸಲ ನಿವಾಸಿ ಆಗ್ತೀರಿ.

ಇನ್ನು ಕೆಲವರು ಹೇಳ್ತಾರೆ, "ಅಲ್ಲಿ ಟಿಡಿಎಸ್ ಕಟ್ ಆಗಿದೆಯಲ್ಲ, ಸಾಕು." ಸಾಲದು. ಭಾರತಕ್ಕೂ ಬ್ರಿಟನ್‌ಗೂ 1993ರಲ್ಲಿ ಆದ ತೆರಿಗೆ ಒಪ್ಪಂದದ ಪ್ರಕಾರ ಇಲ್ಲಿ ನೆಲೆಸಿ ಇಲ್ಲೇ ದುಡಿದ ಸಂಬಳಕ್ಕೆ ತೆರಿಗೆ ಹಾಕುವ ಹಕ್ಕು ಇಲ್ಲಿನದು. ಅಲ್ಲಿ ಹಿಡಿದದ್ದನ್ನು ತೋರಿಸಿ ಇಲ್ಲಿ ಕಳೆಯೋಕೆ ಹೋದರೆ ಒಪ್ಪೋದಿಲ್ಲ. ಭಾರತದಲ್ಲಿ ಅನಿವಾಸಿ ಅಂತ ರಿಟರ್ನ್ ಹಾಕಿ ಅಲ್ಲಿಂದಲೇ ವಾಪಸ್ ಪಡೀಬೇಕು. ಕಂಪನಿಗೂ ವಿಷಯ ತಿಳಿಸಿ, ಮುಂದೆ ಹಿಡಿಯದಂತೆ ಕೇಳಿ. ಹೊರಟು ಬಂದ ವರ್ಷದ ಲೆಕ್ಕ ಸ್ವಲ್ಪ ತೊಡಕು, ಅದಕ್ಕೆ ಎರಡೂ ದೇಶದ ಲೆಕ್ಕ ಬಲ್ಲವರನ್ನು ಕೇಳೋದೇ ವಾಸಿ.

ವಾಟ್ಸಾಪ್‌ನಲ್ಲಿ ಇನ್ನೊಂದು ಸುದ್ದಿ ಓಡಾಡ್ತಿದೆ: "ಹೊಸಬರಿಗೆ ನಾಲ್ಕು ವರ್ಷ ಟ್ಯಾಕ್ಸ್ ಇಲ್ಲ." ಅರ್ಧ ನಿಜ. 2025ರ ಏಪ್ರಿಲ್ 6ರಿಂದ, ಹಿಂದಿನ 10 ವರ್ಷ ಇಲ್ಲಿನ ನಿವಾಸಿ ಆಗಿರದವರಿಗೆ ಮೊದಲ ನಾಲ್ಕು ವರ್ಷ ವಿದೇಶದ ಆದಾಯಕ್ಕೆ ವಿನಾಯಿತಿ ಇದೆ. ಊರಿನ ಮನೆ ಬಾಡಿಗೆ, ಬ್ಯಾಂಕ್ ಬಡ್ಡಿ ಅದರಲ್ಲಿ ಬರುತ್ತೆ. ಲಂಡನ್‌ನಲ್ಲಿ ಕೂತು ದುಡಿದ ಸಂಬಳ ವಿದೇಶದ ಆದಾಯವೇ ಅಲ್ಲ. ಮೇಲಾಗಿ ಆ ವಿನಾಯಿತಿ ಕೇಳಿದ ವರ್ಷ 12,570 ಪೌಂಡಿನ ತೆರಿಗೆರಹಿತ ಮೊತ್ತ ಕೈಬಿಟ್ಟು ಹೋಗುತ್ತೆ.

ಎಷ್ಟಾಗುತ್ತೆ ನೋಡಿ. ಸಂಬಳ ವರ್ಷಕ್ಕೆ 24,000 ಪೌಂಡಿಗೆ ಸಮ ಅಂತಿಟ್ಕೊಳ್ಳಿ. 12,570 ಕಳೆದರೆ 11,430. ಅದರ ಶೇಕಡ 20 ಅಂದ್ರೆ 2,286 ಪೌಂಡ್. ನ್ಯಾಷನಲ್ ಇನ್ಶೂರೆನ್ಸ್ ಪ್ರಶ್ನೆ ಬೇರೆ, ಅದನ್ನೂ ಕೇಳಿ ತಿಳ್ಕೊಳ್ಳಿ. ತಿಂಗಳಿಗೆ 200 ಪೌಂಡ್ ಎತ್ತಿಟ್ಟರೆ ಈ ತೆರಿಗೆ ಭಾರ ಅನ್ನಿಸೋದಿಲ್ಲ. ಮೂರು ವರ್ಷದ್ದು ಒಟ್ಟಿಗೆ ಬಂದರೆ ಮನೆ ಅಲ್ಲಾಡುತ್ತೆ.

ದುಡ್ಡಿಗಿಂತ ದೊಡ್ಡದು ವೀಸಾ. 2018ರ ಸುಮಾರಿಗೆ ಇಲ್ಲಿ ಕಾಯಂ ವಾಸಕ್ಕೆ ಅರ್ಜಿ ಹಾಕಿದ ಎಷ್ಟೋ ವಲಸಿಗರಿಗೆ ಹೋಮ್ ಆಫೀಸ್ 'ಇಲ್ಲ' ಅಂದಿತ್ತು. ವೀಸಾ ಅರ್ಜಿಯಲ್ಲಿ ತೋರಿಸಿದ ಆದಾಯ ಒಂದು, ತೆರಿಗೆ ಇಲಾಖೆಗೆ ಕೊಟ್ಟ ಲೆಕ್ಕ ಇನ್ನೊಂದು, ಆದ್ದರಿಂದ ಅಪ್ರಾಮಾಣಿಕರು ಅಂತ ಆರೋಪ. ಅನುಮಾನ ಇದ್ದರೆ ಮೊದಲು ಅರ್ಜಿದಾರನಿಗೆ ತಿಳಿಸಿ ಉತ್ತರ ಹೇಳಲು ಅವಕಾಶ ಕೊಡಬೇಕು ಅಂತ ಕೋರ್ಟ್ ಆಫ್ ಅಪೀಲ್ 2019ರ ಏಪ್ರಿಲ್‌ನಲ್ಲಿ ಹೇಳಿತು. ಆದರೆ ಅಷ್ಟರೊಳಗೆ ಎಷ್ಟೋ ಮಂದಿ ಕೆಲಸ ಮಾಡುವ ಹಕ್ಕು ಕಳ್ಕೊಂಡು ಕೂತಿದ್ದರು. ಯಾರಿಗೂ ಗೊತ್ತಾಗೋದಿಲ್ಲ ಅನ್ನೋ ಧೈರ್ಯವೂ ಬೇಡ. 2017ರಿಂದ ಎರಡೂ ದೇಶಗಳು ಬ್ಯಾಂಕ್ ಖಾತೆ ಮಾಹಿತಿ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿವೆ.

ಮಾಡಬೇಕಾದ್ದು ಇಷ್ಟೇ. ಏಪ್ರಿಲ್ 5ಕ್ಕೆ ವರ್ಷ ಮುಗಿದ ಮೇಲೆ ಅಕ್ಟೋಬರ್ 5ರೊಳಗೆ ಸೆಲ್ಫ್ ಅಸೆಸ್‌ಮೆಂಟ್‌ಗೆ ಹೆಸರು ನೋಂದಾಯಿಸಿ. ಜನವರಿ 31ರೊಳಗೆ ಆನ್‌ಲೈನ್ ರಿಟರ್ನ್ ತುಂಬಿ, ದುಡ್ಡು ಕಟ್ಟಿ. ರಿಟರ್ನ್ ಒಂದು ದಿನ ತಡವಾದರೂ 100 ಪೌಂಡ್ ದಂಡ. ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಪ್ರಯಾಣದ ದಿನಾಂಕ ಎಲ್ಲ ಒಂದು ಫೈಲಿನಲ್ಲಿ ಇರಲಿ. ಹಳೇ ವರ್ಷದ್ದು ಬಾಕಿ ಇದ್ದರೆ ಅವರು ಪತ್ರ ಬರೆಯೋ ಮೊದಲು ನೀವೇ ಹೇಳಿ. ತಾನಾಗಿ ಹೇಳಿದವರಿಗೆ ದಂಡ ಕಡಿಮೆ.

ಈ ಮಾತು ಇವತ್ತು ಸಭೆಗೆ ಬರದ ಗೆಳೆಯರಿಗೂ ಮುಟ್ಟಿಸಿ. ಹೋದ ವಾರ ಬಂದಿಳಿದವರಿಗೆ ಮೊದಲು ಮುಟ್ಟಿಸಿ.